ಶ್ರುತಿಯವನು

ಹಲ್ಲಿನ ಸೆಟ್ಟು ಹಾಕಿಕೊಂಡು ಊದಬೇಕೋ ತೆಗೆದಿಟ್ಟು ಊದಬೇಕೋ ಎನ್ನುವುದು ಯರ್ರಿಸ್ವಾಮಿಗೆ ಬೆಳಗಿನಿಂದ ಬಗೆಹರಿಯುತ್ತಿರಲಿಲ್ಲ. ಹಾಕಿಕೊಂಡರೆ ಮೇಲಿನ ಸಾಲು ಅಲ್ಲಾಡಿ ಶಹನಾಯಿಯಂಥ ಪುಟ್ಟ ಮುಖವೀಣೆಯ ಪೀಪಿ ತುಟಿಯಲ್ಲಿ ನಿಲ್ಲುತ್ತಿರಲಿಲ್ಲ. ತೆಗೆದರೆ ಗಾಳಿ ಕೆನ್ನೆಯಲ್ಲಿ ಕೂರದೆ ಬಾಯಿಯ ಮೂಲೆಯಿಂದ ಸೋರಿಹೋಗುತ್ತಿತ್ತು. ಕೊಟ್ಟೂರು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ತನ್ನ ಮೈಕ್‌ಸೆಟ್ ಅಂಗಡಿಯ ಷಟರನ್ನು ಅರ್ಧ ಎತ್ತಿ, ಒಳಗೆ ಮಬ್ಬಿನಲ್ಲಿ ಕೂತು, ಯಾರಿಗೂ ಕೇಳಿಸದ ಹಾಗೆ ಎರಡೂ ಬಗೆ ಊದಿ ನೋಡಿದ. ಸ್ವರ ಬರಲಿಲ್ಲ. ಬಂದದ್ದು ಮುದುಕರು ಚಹಾ ಆರಿಸಿಕೊಳ್ಳುವಾಗಿನ ಉಸಿರು. ಗೋಡೆಗೆ ತೂಗುಹಾಕಿದ್ದ ಹಳೆಯ ಸ್ಪೀಕರುಗಳು ಬಾಯಿ ತೆರೆದುಕೊಂಡು ಅವನನ್ನೇ ನೋಡುತ್ತಿದ್ದವು. ಅವನ್ನು ಈಗ ಯಾರೂ ಬಾಡಿಗೆಗೆ ಒಯ್ಯುವುದಿಲ್ಲ. ಮದುವೆಗೂ ಮೆರವಣಿಗೆಗೂ ಡಿಜೆ ಬಂದಿದೆ. ಒಂದು ಕಾಲಕ್ಕೆ ಈ ಸ್ಪೀಕರುಗಳು ಬಂದು ಊದುವವರ ಅನ್ನ ಕಸಿದಿದ್ದವು, ಮತ್ತು ಅವನ್ನು ತಂದವನು ಊದುವವರ ಮನೆಯವನೇ ಆಗಿದ್ದ. ಮಾಡಿದ್ದುಣ್ಣೋ ಮಹಾರಾಯ ಎಂದು ಊರವರು ಬಾಯಿಬಿಟ್ಟು ಅಂದಿರಲಿಲ್ಲ. ಅವನೇ ಆಗಾಗ ಅಂದುಕೊಳ್ಳುತ್ತಿದ್ದ.

ಮಧ್ಯಾಹ್ನ ಚಂದನಾ ಬರುವವಳಿದ್ದಳು, ತೀರಿಹೋದ ಅಣ್ಣ ಮೈಲಾರಪ್ಪನ ಒಬ್ಬಳೇ ಮಗಳು. ಚಿತ್ರ ಬಿಡಿಸುವುದನ್ನು ಕಲಿತು, ನಾಲ್ಕಾರು ಗೆಳೆಯರನ್ನು ಕಟ್ಟಿಕೊಂಡು, ಈಗ ತಮ್ಮ ಮನೆತನದ ಮೇಲೆಯೇ ಒಂದು ಸಿನಿಮಾ ಮಾಡುತ್ತಿದ್ದಾಳೆ. ಅದರಲ್ಲಿ ಮನುಷ್ಯರಿಲ್ಲ, ಎಲ್ಲ ಬರೆದ ಚಿತ್ರಗಳೇ ಓಡಾಡುತ್ತವೆ. ಮಾತು ಕಡಿಮೆ, ಹಾಡು ಹೆಚ್ಚು. ಆದೋನಿ ಕಡೆಯಿಂದ ಹಗರಿ ಹೊಳೆ ದಾಟಿ ಬಂದ ಅವಳ ಮುತ್ತಜ್ಜನಿಂದ ಹಿಡಿದು ಅವಳ ಅಪ್ಪನವರೆಗೆ ಆ ಮನೆಯಲ್ಲಿ ಮುಖವೀಣೆ ಊದಿದವರ ಕಥೆ. ಅದಕ್ಕೆ ಈಗ ಕಾಕಾನ ಉಸಿರು ಬೇಕಂತೆ. ಅಪ್ಪ ಊದಿದ್ದರಲ್ಲಿ ಉಳಿದಿರುವುದು ಒಂದೇ ಕ್ಯಾಸೆಟ್ಟು, ಅದರಲ್ಲಿ ಅರ್ಧ ದಾರಿಗೆ ಶ್ರುತಿ ನಿಂತುಹೋಗಿದೆ. "ಆ ಶ್ರುತಿ ಇನ್ನೊಮ್ಮೆ ನೀವು ಹಿಡೀರಿ ಕಾಕಾ, ಅಪ್ಪನ ರಾಗದ ತೆಳಗ ನಾನು ಕೂಡಿಸ್ತೀನಿ" ಎಂದು ಫೋನಿನಲ್ಲಿ ಕೇಳಿದ್ದಳು. ಯರ್ರಿಸ್ವಾಮಿ "ಆತವ್ವ" ಎಂದಿದ್ದ. ಆ ಕ್ಯಾಸೆಟ್ಟಿನಲ್ಲಿ ಶ್ರುತಿ ಹಿಡಿದಿದ್ದವನು ಅವನೇ, ನಿಲ್ಲಿಸಿದವನೂ ಅವನೇ. ಅದನ್ನು ಅವನು ಈವರೆಗೆ ಒಮ್ಮೆಯೂ ಕೇಳಿರಲಿಲ್ಲ. ಆತವ್ವ ಎಂದ ಹೊತ್ತಿನಿಂದ ಅನ್ನ ಸೇರುತ್ತಿರಲಿಲ್ಲ.

ಷಟರಿನ ಕೆಳಗೆ ಒಂದು ಜೊತೆ ಕಾಲು ಕಂಡವು, ಆಮೇಲೆ ಬಗ್ಗಿದ ತಲೆ ಕಂಡಿತು. ಪಕ್ಕದ ಪಾತ್ರೆ ಬಾಡಿಗೆ ಅಂಗಡಿಯ ಹಾಲೇಶಪ್ಪ. ಯರ್ರಿಸ್ವಾಮಿ ಹಲ್ಲನ್ನು ಗಡಬಡಿಸಿ ಬಾಯಿಗೆ ಹಾಕಿಕೊಂಡ.

"ಏನಪ, ನಿಮ್ಮಣ್ಣನ ಮಗಳು ಕಾರ್ಟೂನ್ ಸಿನಿಮಾ ಮಾಡಾಕತ್ಯಾಳಂತಲ್ಲ. ನಮ್ಮ ಮೊಮ್ಮಕ್ಕಳಿಗೂ ತೋರ್ಸು ಮತ್ತ."

"ಅದು ಹುಡುಗ್ರಿಗಲ್ಲರಿ. ದೊಡ್ಡೋರಿಗೆ."

"ದೊಡ್ಡೋರ ಸಿನಿಮಾನಾ?" ಹಾಲೇಶಪ್ಪ ಓಣಿಯ ಆಚೀಚೆ ನೋಡಿ ದನಿ ಇಳಿಸಿದ. "ಹಂಗಾದ್ರ ಮೊಮ್ಮಕ್ಕಳು ಬ್ಯಾಡ ಬಿಡು, ನಾನ ಬರ್ತೀನಿ."

ಯರ್ರಿಸ್ವಾಮಿ ನಕ್ಕ. ಯಾರಾದರೂ ತಮಾಷೆ ಮಾಡಿದಾಗ ನಗುವುದು ಅವರ ಮನೆಯ ರೂಢಿ. ಫೋನಿನಲ್ಲಿ ಚಂದನಾಳಿಗೆ ಇದು ಹುಡುಗರ ಸಿನಿಮಾ ಏನು ಎಂದು ಕೇಳಿ ಅವನೂ ಇದೇ ಪೆದ್ದುತನ ಮಾಡಿದ್ದ. "ಅದ್ರಾಗ ಕುಡಿಯೋದೈತಿ, ಬಡಿಯೋದೈತಿ, ಹೊಟ್ಟಿಕಿಚ್ಚೈತಿ, ಸಾಯೋದೈತಿ ಕಾಕಾ. ಬಣ್ಣದಾಗ ಬರದ್ರ ಹುಡುಗ್ರದ ಆಗಬೇಕೇನು?" ಎಂದು ಅವಳು ಕೇಳಿದ್ದಳು. ಹೊಟ್ಟೆಕಿಚ್ಚು ಎಂದಾಗ ಅವಳು ಯಾರನ್ನು ನೋಡಿದಳು ಎಂಬುದು ಫೋನಿನಲ್ಲಿ ತಿಳಿಯುವುದಿಲ್ಲ. ಹಾಲೇಶಪ್ಪ ಹೋದ ಮೇಲೂ ಆ ನಗು ಮುಖದ ಮೇಲೆ ಹಾಗೆಯೇ ಉಳಿದಿತ್ತು. ಅದನ್ನು ಅವನೇ ಕೈಯಿಂದ ಒರೆಸಿಕೊಳ್ಳಬೇಕಾಯಿತು.

ಅವಳು ಫೋನಿಗೆ ಕಳಿಸಿದ್ದ ಒಂದು ತುಣುಕನ್ನು ಅವನು ಎಷ್ಟೋ ಸಲ ನೋಡಿದ್ದ. ಎದೆಮಟ್ಟ ಕೆಂಪು ನೀರು, ನೀರಿನಲ್ಲಿ ಒಬ್ಬ ಬಡಕಲು ಮನುಷ್ಯ, ತಲೆಯ ರುಮಾಲಿನೊಳಗೆ ಸಿಕ್ಕಿಸಿದ ಮುಖವೀಣೆ, ಹಿಂದಿನಿಂದ ತೆಲುಗೂ ಅಲ್ಲದ ಕನ್ನಡವೂ ಅಲ್ಲದ ಒಂದು ಹಾಡು. ಆ ಮನುಷ್ಯ ಯರ್ರಿಸ್ವಾಮಿಯ ಅಜ್ಜ, ಒಂದು ಬಯಲಾಟದ ಮೇಳದ ಬೆನ್ನು ಹತ್ತಿ ಬಂದವನು. ಮೇಳ ತಿರುಗಿ ಹೋಯಿತು, ಅಜ್ಜ ಬಾಗಳಿಯ ಹತ್ತಿರ ಒಂದು ಹಳ್ಳಿಯಲ್ಲಿ ಉಳಿದ. ಅವನ ಮಕ್ಕಳು ಅಲ್ಲೇ ಹುಟ್ಟಿದರು, ಮೊಮ್ಮಕ್ಕಳು ಅಲ್ಲೇ ಹುಟ್ಟಿದರು, ಆದರೂ ಊರಿನವರ ಬಾಯಲ್ಲಿ ಇವರು ಆಂಧ್ರದ ಊದೋರೇ. ಅವ್ವ ಬೈಯುವಾಗ ತೆಲುಗಿನಲ್ಲಿ ಬೈಯುತ್ತಿದ್ದಳು, ಮುದ್ದು ಮಾಡುವುದು ಕನ್ನಡದಲ್ಲಿ. ಇವರು ಊದದೆ ತಾಳಿ ಕಟ್ಟುವಂತಿರಲಿಲ್ಲ, ಊದಿದ ಮೇಲೆ ಇವರಿಗೆ ಎಲೆ ಹಾಕುತ್ತಿದ್ದುದು ಊರಿನವರೆಲ್ಲ ಕೈ ತೊಳೆದ ಮೇಲೆ. ಹೊಳೆ ದಾಟುವಾಗ ಅಜ್ಜ ತಂದದ್ದು ಆ ಒಂದು ಕೊಳವೆ ಮತ್ತು ಒಂದು ಕಟ್ಟಳೆ. ಹಿರಿಯ ಮಗ ಹಾಡು ಊದಬೇಕು, ಕಿರಿಯ ಮಗ ಶ್ರುತಿ ಹಿಡಿಯಬೇಕು. ಶ್ರುತಿ ಎಂದರೆ ಒಂದೇ ಸ್ವರ, ಶುರುವಿನಿಂದ ಕೊನೆಯವರೆಗೆ, ಕಡಿಯದ ಹಾಗೆ. ಮೂಗಿನಲ್ಲಿ ಉಸಿರೆಳೆಯುತ್ತಲೇ ಕೆನ್ನೆಯ ಗಾಳಿ ಬಿಡಬೇಕು. ಅದನ್ನು ಕಲಿಸಲು ಅಪ್ಪ ಕೈಗೆ ಪಪ್ಪಾಯಿ ಎಲೆಯ ದಂಟು ಕೊಟ್ಟು, ತಂಬಿಗೆ ನೀರಿನೊಳಗೆ ಊದಿಸುತ್ತಿದ್ದ. ಗುಳ್ಳೆ ನಿಂತರೆ ಬೆನ್ನಿಗೆ ಏಟು. ಅಂಗಳದ ಆಚೆ ಮೈಲಾರಪ್ಪ ಬೆರಳಾಡಿಸುತ್ತ ಒಂದೊಂದೇ ಹಾಡು ಕಲಿಯುತ್ತಿದ್ದ. ಈಚೆ ಯರ್ರಿಸ್ವಾಮಿ ಗುಳ್ಳೆ ಕಾಯುತ್ತಿದ್ದ.

ಮತ್ತು ಮೇಣ. ಶ್ರುತಿಯವನ ಕೊಳವೆಗೂ ತೂತುಗಳಿರುತ್ತವೆ, ಅವನ್ನು ಜೇನುಮೇಣದಿಂದ ಮುಚ್ಚುತ್ತಾರೆ, ಬೆರಳು ಹಾದಿ ತಪ್ಪದಿರಲಿ ಎಂದು. ಒಮ್ಮೆ, ಮೀಸೆ ಇನ್ನೂ ಚಿಗುರಿರಲಿಲ್ಲ, ಅವನು ಹೊಲದ ಬದುವಿನಲ್ಲಿ ಜಾಲಿ ಮುಳ್ಳಿನಿಂದ ಆ ಮೇಣವನ್ನೆಲ್ಲ ಕೆದರಿ ತೆಗೆದು, ಅಣ್ಣ ಊದುತ್ತಿದ್ದ ಹಾಡೊಂದನ್ನು ಊದಲು ನೋಡಿದ್ದ. ಎರಡು ಸ್ವರ ಹೊರಟಿರಬೇಕು, ಅಷ್ಟರಲ್ಲಿ ಅಪ್ಪ ಬಂದ. ಬೈಯಲಿಲ್ಲ, ಬಡಿಯಲಿಲ್ಲ. ಅಂಗಳದಲ್ಲಿ ಕೂತು ಹೊಸ ಮೇಣವನ್ನು ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ ಒಂದೊಂದೇ ತೂತಿಗೆ ತುಂಬಿದ. ದೀಪ ಹಿಡಿದುಕೊಂಡಿದ್ದವನು ಮೈಲಾರಪ್ಪ. ಅವನಾಗ ತಮ್ಮನ ಮುಖ ನೋಡಿದನೋ ದೀಪವನ್ನೇ ನೋಡುತ್ತಿದ್ದನೋ ಎಂಬುದನ್ನು ಯರ್ರಿಸ್ವಾಮಿ ಈ ವಯಸ್ಸಿಗೂ ನೆನಪು ಮಾಡಿಕೊಳ್ಳಲು ನೋಡುತ್ತಾನೆ. ದೀಪವಷ್ಟೇ ಕಾಣುತ್ತದೆ. ಬಿಟ್ಟಿದ್ದರೆ ನಾನೂ ಊದುತ್ತಿದ್ದೆ, ಅಣ್ಣನಿಗಿಂತ ಒಂದು ಕೈ ಮೇಲೆ ಊದುತ್ತಿದ್ದೆ ಎಂಬ ಮಾತು ಅವತ್ತು ಒಳಗೆ ಬೇರು ಬಿಟ್ಟಿತು. ಮದುವೆಯಾದ ಮೇಲೆ ಅದನ್ನು ಹೆಂಡತಿ ಪಾಲಮ್ಮನ ಮುಂದೆ ಹೇಳಿದ, ಮಕ್ಕಳ ಮುಂದೆ ಹೇಳಿದ, ಕುಡಿದಾಗಲೂ ಕುಡಿಯದಾಗಲೂ ಹೇಳಿದ. ಪಾಲಮ್ಮನಿಗೆ ಕೇಳಿ ಕೇಳಿ ಸಾಕಾಗಿತ್ತು. "ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ" ಎಂದು ರೊಟ್ಟಿ ಬಡಿಯುತ್ತಲೇ ಅನ್ನುತ್ತಿದ್ದಳು. ಆ ಮಾತಿಗೆ ಅವನು ಒಂದೆರಡು ಸಲ ತಾಟು ಒದ್ದು ಎದ್ದದ್ದೂ ಉಂಟು.

ಷಟರು ಇಳಿಸಿ ಮನೆಯ ಕಡೆ ನಡೆಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಆ ಕ್ಯಾಸೆಟ್ಟು ತುಂಬಿದ ದಿನ ಹಡಗಲಿಯಲ್ಲೂ ಇಂಥದೇ ಬಿಸಿಲು. ದೊಡ್ಡ ವ್ಯಾಪಾರಿಯೊಬ್ಬರ ಮಗಳ ಮದುವೆ, ಓಣಿ ತುಂಬ ಚಪ್ಪರ, ಬೀಗರ ಕಡೆಯ ಒಬ್ಬ ಶೋಕಿಲಾಲ ಟೇಪ್‌ರೆಕಾರ್ಡರು ತಂದು ಊದುವವರ ಮುಂದೆಯೇ ಇಟ್ಟಿದ್ದ. ಯಜಮಾನರು ಮೈಲಾರಪ್ಪನಿಗೆ ಶಾಲು ಹೊದಿಸಿದರು. ಡೋಲಿನವನಿಗೆ ಒಂದು ಟವೆಲು ಹೊದಿಸಿದರು. ಮೂರನೆಯವನ ಮುಂದೆ ಬಂದು ನಿಂತು, ಬರಿಗೈಯಲ್ಲಿ, "ಈತ ಏನು ಮಾಡ್ತಾನ?" ಎಂದು ಕೇಳಿದರು. "ಶ್ರುತಿ ಹಿಡೀತಾನ್ರಿ" ಎಂದರು ಯಾರೋ. "ಹಿಡಿಯಾದಾ? ಯಾರರ ಇಳಿದು ಹೋದಾಗ ಸೈಕಲ್ ಹಿಡ್ಕಂತಾರಲ್ಲ, ಹಂಗೇನು?" ಚಪ್ಪರ ನಕ್ಕಿತು. ಮೈಲಾರಪ್ಪನೂ ನಕ್ಕ. ದೊಡ್ಡದಾಗಿ ಏನಲ್ಲ, ಯಜಮಾನರು ನಗುವಾಗ ಪಕ್ಕದಲ್ಲಿದ್ದವರು ನಗಬೇಕಾದಷ್ಟು, ಹೊಸ ಶಾಲಿನ ಅಂಚನ್ನು ಸರಿಮಾಡಿಕೊಳ್ಳುತ್ತ. ಆಮೇಲೆ ಇಬ್ಬರೂ ಕೊಳವೆ ಬಾಯಿಗಿಟ್ಟರು. ಮೈಲಾರಪ್ಪ ಅವತ್ತು ಹೇಗೆ ಊದಿದನೆಂದರೆ, ಬಡಿಸುತ್ತಿದ್ದವರು ಬುಟ್ಟಿ ಹಿಡಿದು ನಿಂತಲ್ಲೇ ನಿಂತರು, ಅಳುತ್ತಿದ್ದ ಕೂಸು ಸುಮ್ಮನಾಯಿತು. ರಾಗ ಏರಿ ಏರಿ, ಇನ್ನು ಮೇಲೆ ಜಾಗವೇ ಇಲ್ಲ ಅನ್ನುವಲ್ಲಿಗೆ ಹೋಗಿ ನಿಂತಿತು. ಅಲ್ಲಿ ಯರ್ರಿಸ್ವಾಮಿ ಬಾಯಿಯಿಂದ ಕೊಳವೆ ತೆಗೆದ. ಉಸಿರು ಮುಗಿದಿರಲಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಿಡಿದುಕೊಂಡವನು ಬಿಟ್ಟರೆ ಏನಾಗುತ್ತದೆಂದು ನೋಡಲಿ, ಈ ಜನ ನೋಡಲಿ, ಇವನೂ ನೋಡಲಿ. ಕಣ್ಣು ಮುಚ್ಚಿ ಊದುತ್ತಿದ್ದ ಅಣ್ಣನ ಪಕ್ಕದಿಂದ ಎದ್ದು, ಕೊಳವೆಯನ್ನು ಬಗಲಿಗಿಟ್ಟು ಚಪ್ಪರದ ಹಿಂದಕ್ಕೆ, ಅಡುಗೆಯವರಿದ್ದಲ್ಲಿಗೆ ಹೋದ. ಅಲ್ಲಿ ಒಲೆ ಬುಸುಗುಡುತ್ತಿತ್ತು. ಚಹಾ ಇಸಿದುಕೊಂಡ. ಚಪ್ಪರದಿಂದ ಏನೂ ಕಿವಿಗೆ ಬೀಳಬಾರದೆಂದು ಅಡುಗೆಭಟ್ಟನ ಹತ್ತಿರ ಮಳೆ ಬೆಳೆಯ ಮಾತು ತೆಗೆದು ಜೋರು ಜೋರಾಗಿ ಮಾತಾಡಿದ. ಮರಳಿ ಬಂದಾಗ ಎಲ್ಲ ಮುಗಿದಿತ್ತು. ಮೈಲಾರಪ್ಪ ಕೊಳವೆ ಒರೆಸುತ್ತಿದ್ದವನು ತಲೆ ಎತ್ತಿ, "ಉಣ್ಣಾಕ ನಡಿ" ಎಂದ.

ಅಷ್ಟೇ. ಯಾಕೆ ನಿಲ್ಲಿಸಿದಿ ಎಂದು ಕೇಳಲಿಲ್ಲ, ಅವತ್ತೂ ಇಲ್ಲ, ಸಾಯುವವರೆಗೂ ಇಲ್ಲ. ಕೇಳಿದ್ದರೆ ಜಗಳವಾದರೂ ಆಗುತ್ತಿತ್ತು, ಜಗಳದಲ್ಲಿ ನಿಜ ಹೊರಗೆ ಬೀಳುತ್ತಿತ್ತು. ಯರ್ರಿಸ್ವಾಮಿ ಕೊಟ್ಟೂರಿಗೆ ಬಂದು ಮೈಕ್‌ಸೆಟ್ ಇಟ್ಟ, ಮದುವೆ ಮನೆಗಳಿಗೆ ಸ್ಪೀಕರಿನ ಜೊತೆ ಶಹನಾಯಿ ಕ್ಯಾಸೆಟ್ಟನ್ನೂ ಕೊಟ್ಟು ಕಳಿಸಿದ. ಕ್ಯಾಸೆಟ್ಟಿಗೆ ಎಲೆ ಹಾಕಬೇಕಿಲ್ಲ, ಜನಕ್ಕೆ ಅದು ಹಿಡಿಸಿತು. ಮೈಲಾರಪ್ಪ ಹೊಸ ಶ್ರುತಿಯವನನ್ನು ಹುಡುಕಲಿಲ್ಲ. ಹಗರಿಬೊಮ್ಮನಹಳ್ಳಿಯ ಒಂದು ಗೋದಾಮಿನಲ್ಲಿ ಕಾವಲಿಗೆ ನಿಂತ. ತಮ್ಮ ನೋಡಲು ಹೋದಾಗಲೆಲ್ಲ ಖುರ್ಚಿ ಬಿಟ್ಟುಕೊಟ್ಟು ತಾನು ಚೀಲದ ಮೇಲೆ ಕೂತು, "ಅಂಗಡಿ ಹೆಂಗೈತಿ?" ಎಂದು ಕೇಳುತ್ತಿದ್ದ. ಆ ಖುರ್ಚಿಯಲ್ಲಿ ಕೂರುವುದಕ್ಕಿಂತ ದೊಡ್ಡ ಶಿಕ್ಷೆ ಯರ್ರಿಸ್ವಾಮಿಗೆ ಯಾರೂ ಕೊಟ್ಟಿರಲಿಲ್ಲ. ಮಣ್ಣು ಕೊಡುವ ದಿನ ಅತ್ತಿಗೆ, "ನಿಮ್ಮಣ್ಣಗ ನಿನ್ನ ಮ್ಯಾಲ ಭಾಳ ಜೀವ ಇತ್ತಪ" ಎಂದಾಗ ಅವನಿಗೆ ಅಳು ಬರುವ ಬದಲು ಸಿಟ್ಟು ಬಂದಿತ್ತು.

ಮನೆಯಲ್ಲಿ ಚಂದನಾ ಆಗಲೇ ಬಂದು ಕೂತಿದ್ದಳು. ಹೊರಗಿನ ಸದ್ದು ಒಳಗೆ ಬಾರದಿರಲೆಂದು ಕಿಟಕಿಗೆ ಪಾಲಮ್ಮನ ಎರಡು ಕೌದಿ ತೂಗುಬಿಟ್ಟಿದ್ದಳು. ಫ್ಯಾನು ನಿಲ್ಲಿಸಿದ್ದರು, ಕುಕ್ಕರು ಇಳಿಸಿದ್ದರು. ಅವಳಿಗೆ ಅಣ್ಣನದೇ ಮೂಗು.

"ಊದೋಕಿಂತ ಮೊದ್ಲು ಆ ಸೀನ್ ನೋಡಿಬಿಡ್ರಿ ಕಾಕಾ" ಎಂದು ಲ್ಯಾಪ್‌ಟಾಪು ಅವನ ಕಡೆ ತಿರುಗಿಸಿದಳು.

ಚಪ್ಪರ. ಶಾಲು ಹೊದ್ದ ಅಣ್ಣ, ಕೆಲವೇ ಗೆರೆಗಳಲ್ಲಿ, ಆದರೆ ಅಣ್ಣನೇ. ಪಕ್ಕದಲ್ಲಿ ಮೀಸೆಯ ತರುಣನೊಬ್ಬ ಕೆನ್ನೆ ಉಬ್ಬಿಸಿ ಕೂತಿದ್ದಾನೆ. ರಾಗ ಏರುತ್ತದೆ, ಚಪ್ಪರದ ಬಟ್ಟೆ ಏರಿ ಆಕಾಶವಾಗುತ್ತದೆ. ಯರ್ರಿಸ್ವಾಮಿ ಮಂಡಿಯ ಮೇಲೆ ಕೈ ಬಿಗಿದುಕೊಂಡ. ಆ ತರುಣ ಕೊಳವೆ ಕೆಳಗಿಡುತ್ತಾನೆ. ಎದ್ದು ಹೋಗುವುದಿಲ್ಲ. ಕಣ್ಣು ಮುಚ್ಚಿ, ತಲೆ ತುಸು ವಾಲಿಸಿ, ಅಣ್ಣನನ್ನು ಕೇಳುತ್ತ ಕೂರುತ್ತಾನೆ. ಅವನ ಕಣ್ಣಿನಿಂದ ಒಂದು ಗೆರೆ ಇಳಿಯುತ್ತದೆ. ಅಲ್ಲಿಗೆ ಪರದೆ ಬಿಳಿಯಾಗಿ ನಿಂತಿತು.

"ಇದನ್ನ ನಿನಗ ಯಾರು ಹೇಳಿದ್ರು?"

"ಅಪ್ಪ. ನಾನು ಸಣ್ಣಾಕಿದ್ದಾಗ ಆ ಕ್ಯಾಸೆಟ್ ಕೇಳಿ, ಇಲ್ಲಿ ಶ್ರುತಿ ಯಾಕ ನಿಂತೈತಿ ಅಂತ ಕೇಳಿದ್ದೆ. ನಿಮ್ಮ ಕಾಕಾ ನನ್ನ ರಾಗ ಕೇಳಾಕ ನಿಲ್ಸಿದ್ದನವ್ವ, ಶ್ರುತಿ ಹಿಡದಾವಗ ರಾಗ ಪೂರಾ ಕೇಳ್ಸಂಗಿಲ್ಲ ಅಂದ."

ಅಣ್ಣ ಸುಳ್ಳು ಹೇಳಿದನೋ, ಹಾಗೆಂದು ನಂಬಿಯೇ ಇದ್ದನೋ? ನಂಬಿದ್ದರೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಯರ್ರಿಸ್ವಾಮಿ ಬಾಯಿ ತೆರೆದ, ಬಂದದ್ದು ಬೇರೆ ಮಾತು. "ಇಲ್ಲಿಂದ ಮುಂದ ಯಾಕ ಬರೇ ಬಿಳೀದೈತಿ?"

"ಕ್ಯಾಸೆಟ್ ಮುಂದ ಐತಿ ಕಾಕಾ. ಆದ್ರ ಅಲ್ಲಿ ಏನು ಬರೀಬೇಕಂತ ನನಗ ತಿಳಿವಲ್ದು. ನೀವು ಅಲ್ಲೇ ಕುಂತಿದ್ರಲ್ಲ, ಕೇಳಿ ನೀವ ಹೇಳ್ರಿ."

ಅವಳು ಅವನ ಕಿವಿಗೆ ಹೆಡ್‌ಫೋನು ಹಾಕಿದಳು. ಅಣ್ಣನ ರಾಗ ಅವನಿಗೊಬ್ಬನಿಗೆ ಕೇಳುತ್ತದೆ, ಯಂತ್ರಕ್ಕೆ ಅವನ ಶ್ರುತಿಯಷ್ಟೇ ಸೇರುತ್ತದೆ. ಅವನು ಗೋಡೆಯ ಕಡೆ ತಿರುಗಿ ಹಲ್ಲು ತೆಗೆದು ಲೋಟದಲ್ಲಿಟ್ಟ. ಚಂದನಾ ಆ ಹೊತ್ತಿನಲ್ಲಿ ಏನೋ ತಂತಿ ಸರಿಮಾಡುತ್ತಿದ್ದಳು, ಅಥವಾ ಹಾಗೆ ನಟಿಸುತ್ತಿದ್ದಳು. ಪೀಪಿಯನ್ನು ಒದ್ದೆ ಮಾಡಿ ತುಟಿಗಿಟ್ಟ. ಮೊದಲು ಉಸಿರು, ಆಮೇಲೆ ಒಡಕು, ಆಮೇಲೆ, ಅವನೇ ಬೆಚ್ಚುವ ಹಾಗೆ, ಸ್ವರ. ತೆಳ್ಳಗೆ, ಆದರೆ ಕಡಿಯದೆ. ತಂಬಿಗೆ ನೀರಿನ ಗುಳ್ಳೆಗಳು ಮೈಯಲ್ಲೆಲ್ಲೋ ಉಳಿದಿದ್ದವು. ಬಾಗಿಲಿಗೆ ಒರಗಿದ್ದ ಪಾಲಮ್ಮ ಸೆರಗು ಬಾಯಿಗೆ ಹಿಡಿದಳು.

ಹೆಡ್‌ಫೋನಿನಲ್ಲಿ ಚಪ್ಪರದ ಗದ್ದಲ, ಯಾರೋ ಕೆಮ್ಮಿದ್ದು, ಪಾತ್ರೆ ಬಿದ್ದದ್ದು, ಇದೆಲ್ಲದರ ನಡುವಿನಿಂದ ಅಣ್ಣ. ಎಷ್ಟು ವರ್ಷದ ಮೇಲೆ ಅಣ್ಣ. ರಾಗ ಏರತೊಡಗಿತು. ಯರ್ರಿಸ್ವಾಮಿ ಕಣ್ಣು ಮುಚ್ಚಿದ. ಆ ಜಾಗ ಬರುತ್ತಿದೆ, ಬಂತು, ಅಲ್ಲಿ ಹಳೆಯ ಯರ್ರಿಸ್ವಾಮಿಯ ಶ್ರುತಿ ಪಟ್ಟನೆ ನಿಂತಿತು. ಈಗಿನವನು ನಿಲ್ಲಿಸಲಿಲ್ಲ. ಹಿಡಿದುಕೊಂಡು ಆಚೆ ದಾಟಿದ. ಎದೆಯ ಮೇಲಿಂದ ಒಂದು ಮೂಟೆ ಇಳಿದ ಹಾಗಾಯಿತು. ಇಷ್ಟೇ ತಾನೇ, ಇಷ್ಟನ್ನು ಅವತ್ತು ಮಾಡಲಾಗಲಿಲ್ಲವಲ್ಲ ಎಂದು ದುಃಖ ಉಕ್ಕಿತು.

ಆಗ ಅಣ್ಣನ ರಾಗ ಇಳಿಯತೊಡಗಿತು. ಸೋತು ಕುಸಿದದ್ದಲ್ಲ, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದು ಇಳಿದು, ಶ್ರುತಿಯ ಸ್ವರದ ಮೇಲೆ ಬಂದು ಕೂತಿತು. ಮತ್ತೆ ಏಳಲಿಲ್ಲ. ಯಂತ್ರ ಸಿಕ್ಕಿಕೊಂಡಿತೆಂದು ಯರ್ರಿಸ್ವಾಮಿ ಕಣ್ಣು ತೆರೆದ. ಯಂತ್ರ ಓಡುತ್ತಿತ್ತು. ಚಪ್ಪರದ ಗದ್ದಲ ಓಡುತ್ತಿತ್ತು. ಅಣ್ಣ ಒಂದೇ ಸ್ವರ ಹಿಡಿದುಕೊಂಡಿದ್ದ. ಉಸಿರು ಬದಲಿಸುವಾಗ ಸ್ವರ ಒಂದು ಚೂರು ಕಡಿಯಿತು. ಅಣ್ಣನಿಗೆ ಶ್ರುತಿ ಹಿಡಿದು ಅಭ್ಯಾಸವಿರಲಿಲ್ಲ. ಕಡಿದರೂ ಮತ್ತೆ ಹಿಡಿದ. ಯಾರಿಗೆ ಹಿಡಿದಿದ್ದಾನೆ? ಹಾಡಿನವನೇ ಶ್ರುತಿ ಹಿಡಿದರೆ ಹಾಡು ಊದುವವರು ಯಾರು? ಎಂದು ಕೇಳಿಕೊಂಡ ಮೇಲೆ ಅವನಿಗೆ ತಿಳಿಯಿತು. ತಮ್ಮ ಶ್ರುತಿ ಬಿಟ್ಟ ಎಂದರೆ ಇನ್ನು ಅವನು ಹಾಡು ಎತ್ತುತ್ತಾನೆ ಎಂದುಕೊಂಡು, ಅಣ್ಣ ಜಾಗ ಬಿಟ್ಟುಕೊಟ್ಟಿದ್ದ, ಗೋದಾಮಿನ ಖುರ್ಚಿ ಬಿಟ್ಟುಕೊಟ್ಟ ಹಾಗೆ. ಅಷ್ಟು ಜನರ ಮುಂದೆ ಶಾಲು ಹೊದ್ದುಕೊಂಡು ತಮ್ಮನಿಗಾಗಿ ಕಾಯುತ್ತ ಕೂತಿದ್ದ. ತಮ್ಮ ಹಿಂದೆ ಒಲೆಯ ಹತ್ತಿರ ಚಹಾ ಕುಡಿಯುತ್ತಿದ್ದ. ಕ್ಯಾಸೆಟ್ಟಿನಲ್ಲಿ ಯಾರೋ ನಕ್ಕರು. "ಏನಪ, ಮರ್ತಿಯೇನು?" ಎಂದರು ಇನ್ನಾರೋ. ಸ್ವರ ಅಲುಗಲಿಲ್ಲ. ಯರ್ರಿಸ್ವಾಮಿಯ ಬಾಯಿಯಿಂದ ಕೊಳವೆ ಜಾರಿತು. ಸ್ವಲ್ಪ ಹೊತ್ತಿನ ಮೇಲೆ ಟಕ್ ಎಂದು ಕ್ಯಾಸೆಟ್ಟು ಮುಗಿಯಿತು. ಅಣ್ಣ ಇನ್ನೂ ಹಿಡಿದುಕೊಂಡೇ ಇದ್ದ.

"ಯಾಕ ನಿಲ್ಸಿದ್ರಿ ಕಾಕಾ?" ಚಂದನಾ ಮೆಲ್ಲಗೆ ಕೇಳಿದಳು. "ಅವತ್ತಿನಂಗ ಕೇಳಾಕೇನು?"

"ಹೌದವ್ವ" ಎಂದ. ಇವತ್ತು ಅದು ನಿಜವಾಗಿತ್ತು, ಮತ್ತು ಅದರಿಂದ ಯಾವ ಸಮಾಧಾನವೂ ಆಗಲಿಲ್ಲ. ಹೆಂಡತಿಯ ಕಡೆ ತಿರುಗಿದ, ಬೋಳುಬಾಯಿಯಲ್ಲಿ ಮಾತು ತೊದಲಿತು. "ಏನ, ದಬ್ಬಣ ಕಾಸಿಕೊಂಡು ಬಾ."

ಪಾಲಮ್ಮ ಒಲೆಗೆ ಹಿಡಿದು ಕಾಸಿದ ದಬ್ಬಣವನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಳು. ಅಪ್ಪ ತುಂಬಿದ ಮೇಣ ಕಪ್ಪಾಗಿ ಕಲ್ಲಾಗಿತ್ತು. ಬಿಸಿ ತಾಗಿದಾಗ ಅದರಿಂದ ಜೇನಿನ ವಾಸನೆ ಬಂತು, ಇಷ್ಟು ವರ್ಷವಾದರೂ. ಒಂದೊಂದೇ ತೂತು ತೆರೆದುಕೊಂಡಿತು. ಅವನು ಊದಿ ಪುಡಿ ಹಾರಿಸಿ, ಅಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದ.

"ಹಾಡು ಊದ್ತೀರೇನು ಕಾಕಾ?" ಚಂದನಾಳ ದನಿಯಲ್ಲಿ ಸಂತೋಷವಿತ್ತು. "ಅಲ್ಲಿ ನಿಮ್ಮನ್ನ ಬರೀಲೇನು?"

"ನಿಮ್ಮಪ್ಪ ಕೆಳಗ ಇಳೀತಾನಲ್ಲ, ಅಲ್ಲಿಂದ ಹಚ್ಚು."

ಅವಳು ಹಚ್ಚಿದಳು. ಅಣ್ಣ ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿದು ಬಂದು ಆ ಸ್ವರದ ಮೇಲೆ ಕೂತ. ಯರ್ರಿಸ್ವಾಮಿ ಕೊಳವೆ ಬಾಯಿಗಿಟ್ಟು, ಬೆರಳುಗಳನ್ನು ತೂತುಗಳ ಮೇಲೆ ಇಟ್ಟುಕೊಂಡ. ಕೆನ್ನೆ ತುಂಬ ಉಸಿರಿತ್ತು. ಯಾವ ಬೆರಳನ್ನು ಮೊದಲು ಎತ್ತಬೇಕೆಂದು ಹುಡುಕಿದ. ಜೀವಮಾನವೆಲ್ಲ ಕೇಳಿದ ಹಾಡುಗಳು ಕಿವಿಯಲ್ಲಿದ್ದವು, ಒಂದೂ ಬೆರಳಿಗೆ ಇಳಿಯಲಿಲ್ಲ. ಒಂದು ಬೆರಳು ಎತ್ತಿದ. ಹೊಲದ ಬದುವಿನಲ್ಲಿ ಹೊರಟಿದ್ದ ಆ ಎರಡು ಸ್ವರ ಹೊರಟು ಅಲ್ಲೇ ನಿಂತವು. ಬಾಗಿಲಲ್ಲಿ ಪಾಲಮ್ಮ ತಲೆ ತಗ್ಗಿಸಿ ನಿಂತಿದ್ದಳು, ಚಂದನಾ ಆಸೆಯಿಂದ ಅವನ ಕೈಗಳನ್ನೇ ನೋಡುತ್ತಿದ್ದಳು. ಕಿವಿಯಲ್ಲಿ ಅಣ್ಣ ಉಸಿರು ಬದಲಿಸಿ, ಕಡಿದು, ಮತ್ತೆ ಹಿಡಿದು, ಕಾಯುತ್ತಿದ್ದ. ಯರ್ರಿಸ್ವಾಮಿಗೆ ಒಂದು ಹಾಡೂ ಬರುತ್ತಿರಲಿಲ್ಲ.